ಕಪ್ರೇಸೆ: ಬೇಸಿಗೆಗೆ ಹಣ್ಣು ಟೊಮೆಟೊ, ಮೆತ್ತನೆ ಚೀಸ್, ಒಂದು ಹಿಡಿ ಕಾಮಕಸ್ತೂರಿ

ಮೊದಲೇ ಒಂದು ಮಾತು. ನಿಮ್ಮ ಫ್ರಿಜ್‌ನಲ್ಲಿ ಒಂದು ವಾರದಿಂದ ಕೂತಿರುವ ಟೊಮೆಟೊ ಇದ್ದರೆ ಅದನ್ನು ಇವತ್ತು ರಾತ್ರಿ ಸಾರಿಗೆ ಹಾಕಿಬಿಡಿ. ಈ ಸಲಾಡ್‌ಗೆ ಅದು ಆಗುವುದಿಲ್ಲ. ಹೊಸದಾಗಿ ತನ್ನಿ, ತಂದದ್ದನ್ನು ಫ್ರಿಜ್ ಒಳಗೆ ಇಡಲೇಬೇಡಿ. ಮುಂದೆ ಹೇಳುವುದನ್ನೆಲ್ಲ ಸರಿಯಾಗಿ ಮಾಡಿ ಇದೊಂದನ್ನು ಮರೆತರೆ ತಟ್ಟೆಯಲ್ಲಿ ಬಣ್ಣ ಇರುತ್ತದೆ, ರುಚಿ ಇರುವುದಿಲ್ಲ.

ಸಲಾಡ್ ಹೆಸರು ಕಪ್ರೇಸೆ. ಇಟಲಿಯ ನೇಪಲ್ಸ್ ಊರಿನ ಎದುರು ಸಮುದ್ರದಲ್ಲಿ ಕಾಪ್ರಿ ಅನ್ನುವ ಪುಟ್ಟ ದ್ವೀಪ ಇದೆ. ಕಪ್ರೇಸೆ ಅಂದರೆ ಕಾಪ್ರಿಯದು, ಅಷ್ಟೇ ಅರ್ಥ. ಟೊಮೆಟೊ, ಮೊಜರೆಲ್ಲಾ ಚೀಸ್, ಬೇಸಿಲ್ (ಅಂದರೆ ಕಾಮಕಸ್ತೂರಿ) ಎಲೆ, ಆಲಿವ್ ಎಣ್ಣೆ, ಉಪ್ಪು. ಕೆಂಪು, ಬಿಳಿ, ಹಸಿರು, ಅವರ ಬಾವುಟದ ಬಣ್ಣ. 1920ರ ದಶಕದಲ್ಲಿ ಕಾಪ್ರಿಯ ಕ್ವಿಸಿಸಾನಾ ಹೋಟೆಲ್‌ನಲ್ಲಿ ಕವಿ ಮರಿನೆಟ್ಟಿಯ ಊಟಕ್ಕೆ ಮಾಡಿದ್ದೇ ಮೊದಲು ಅಂತ ಒಂದು ಕತೆ ಹೇಳುತ್ತಾರೆ. ಗಾರೆ ಕೆಲಸದವನೊಬ್ಬ ಮಧ್ಯಾಹ್ನ ಬ್ರೆಡ್ಡಿನೊಳಗೆ ಇಷ್ಟನ್ನೇ ಇಟ್ಟುಕೊಂಡು ತಿನ್ನುತ್ತಿದ್ದ, ಅದೇ ಮುಂದೆ ತಟ್ಟೆಗೆ ಬಂತು ಅಂತ ಇನ್ನೊಂದು. ನನಗೆ ಎರಡನೆಯದೇ ಇಷ್ಟ, ಯಾಕೆಂದರೆ ತಿಂದಾಗ ಅದು ಹೊಲದ ಬದುವಿನ ಮೇಲೆ ಕೂತು ತಿನ್ನುವ ಊಟದ ಹಾಗೇ ಇರುತ್ತದೆ.

ನಾನು ಕೋಲಾರದ ಕಡೆಯವಳು. ಟೊಮೆಟೊ ನಮ್ಮ ಮನೆಯಲ್ಲಿ ತರಕಾರಿಗಿಂತ ಜಾಸ್ತಿ. ಚಿಕ್ಕಪ್ಪ ಈಗಲೂ ಎರಡು ಎಕರೆಯಲ್ಲಿ ಹಾಕುತ್ತಾರೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದ್ದನ್ನೂ ನೋಡಿದ್ದೇವೆ, ಕೇಳುವವರಿಲ್ಲದೆ ಹಣ್ಣನ್ನು ರಸ್ತೆ ಪಕ್ಕ ಸುರಿದ ವರ್ಷಗಳನ್ನೂ ನೋಡಿದ್ದೇವೆ. ಇಷ್ಟೆಲ್ಲ ಬೆಳೆದೂ ನಾವು ಟೊಮೆಟೊವನ್ನು ಹಸಿಯಾಗಿ, ಅದರದೇ ರುಚಿಗಾಗಿ ತಿನ್ನುವುದು ಕಡಿಮೆ. ಸಾರು, ಗೊಜ್ಜು, ಬಾತ್, ಚಟ್ನಿ, ಎಲ್ಲದಕ್ಕೂ ಅದು ಹುಳಿಗೆ ಅಂತ ಬರುತ್ತದೆ. ಕೆಲಸದ ಮೇಲೆ ನೇಪಲ್ಸ್‌ನಲ್ಲಿ ಎಂಟು ತಿಂಗಳು ಇದ್ದಾಗಲೇ ಟೊಮೆಟೊ ಒಂದು ಹಣ್ಣು ಅನ್ನುವುದು ನನ್ನ ನಾಲಿಗೆಗೆ ತಿಳಿದದ್ದು.

ಅಲ್ಲಿ ನಾನಿದ್ದ ಮನೆಯ ಕೆಳಗೇ ಒಂದು ಚೀಸ್ ಅಂಗಡಿ ಇತ್ತು. ಮೊಜರೆಲ್ಲಾ ಕೊಡಿ ಅಂದರೆ ಅಂಗಡಿಯ ಅಜ್ಜಿ ಮೊದಲು ಕೇಳುತ್ತಿದ್ದದ್ದು, "ಯಾವಾಗ ತಿನ್ನುತ್ತೀ?" ಇವತ್ತೇ ಅಂದರೆ ನೀರಿನ ಸಮೇತ ಕವರಿಗೆ ಹಾಕಿ ಗಂಟು ಕಟ್ಟಿ ಕೊಡುತ್ತಿದ್ದರು. ನಾಳೆಗೆ ಅಂದರೆ, "ಹಾಗಾದರೆ ನಾಳೆ ಬಾ." ಬೆಳಗ್ಗೆ ಕೊಂಡದ್ದನ್ನು ಅವರು ಫ್ರಿಜ್‌ನಲ್ಲಿ ಇಡಲು ಬಿಡುತ್ತಿರಲಿಲ್ಲ, ಅಡುಗೆಮನೆಯ ತಂಪು ಮೂಲೆಯಲ್ಲಿ ಅದರ ನೀರಿನಲ್ಲೇ ಬಿಟ್ಟು ಮಧ್ಯಾಹ್ನ ತಿನ್ನು ಅನ್ನುತ್ತಿದ್ದರು. ನಮ್ಮಲ್ಲಿ ಬೆಳಗ್ಗೆ ಹಾಲಿನವರು ಬಂದ ಹಾಗೆ, ಅಲ್ಲಿ ಚೀಸ್ ಆವತ್ತಿನದು ಆವತ್ತಿಗೆ.

ಈಗ ಟೊಮೆಟೊ ವಿಷಯಕ್ಕೆ ಬರುತ್ತೇನೆ. ಇದರ ಮೇಲೆಯೇ ಎಲ್ಲ ನಿಂತಿದೆ.

ಮಾರುಕಟ್ಟೆಗೆ ಬರುವ ಟೊಮೆಟೊವನ್ನು ಪೂರ್ತಿ ಹಣ್ಣಾಗುವ ಮೊದಲೇ ಕಿತ್ತಿರುತ್ತಾರೆ. ಒಮ್ಮೆ ಚಿಕ್ಕಪ್ಪನನ್ನು ಕೇಳಿದೆ, ಗಿಡದಲ್ಲೇ ಕೆಂಪಾಗಲು ಯಾಕೆ ಬಿಡುವುದಿಲ್ಲ ಅಂತ. "ಬಿಟ್ರೆ ಮಂಡಿ ಸೇರೋಷ್ಟರಲ್ಲಿ ಬಾಕ್ಸಲ್ಲೇ ರಸ ಆಗೋಗುತ್ತೆ ಕಣಮ್ಮ" ಅಂದರು. ಅವರು ಹೇಳುವುದು ಸರಿ. ದೂರದ ಊರಿಗೆ ಲಾರಿಯಲ್ಲಿ ಹೋಗಬೇಕಾದ ಹಣ್ಣು ಗಟ್ಟಿ ಇರಲೇಬೇಕು. ಅದಕ್ಕೇ ಬುಡದಲ್ಲಿ ಸ್ವಲ್ಪ ಬಣ್ಣ ತಿರುಗಿದ ಕೂಡಲೇ ಕೀಳುತ್ತಾರೆ, ದಾರಿಯಲ್ಲಿ, ಅಂಗಡಿಯಲ್ಲಿ ಉಳಿದದ್ದು ಮಾಗುತ್ತದೆ. ನಮ್ಮ ಕೆಲಸ ಏನೆಂದರೆ ಆ ಮಾಗುವುದನ್ನು ಮನೆಯಲ್ಲಿ ಪೂರ್ತಿ ಮಾಡುವುದು. ಸಲಾಡ್ ಮಾಡುವ ದಿನಕ್ಕೆ ಮೂರು ದಿನ ಮೊದಲೇ ಕೊಳ್ಳಿ. ತೊಟ್ಟಿನ ಕಡೆ ಕೆಳಗೆ ಮಾಡಿ, ಒಂದರ ಮೇಲೊಂದು ಹೇರದೆ, ಒಂದು ತಟ್ಟೆಯಲ್ಲಿ ಹರಡಿ ಅಡುಗೆಮನೆಯ ಕಟ್ಟೆ ಮೇಲೆ ಇಡಿ. ತೊಟ್ಟು ಕಿತ್ತ ಜಾಗದಿಂದಲೇ ಹಣ್ಣಿನ ನೀರು ಜಾಸ್ತಿ ಆರುವುದು, ಕೆಳಗೆ ಮಾಡಿಟ್ಟರೆ ಆ ದಾರಿ ಮುಚ್ಚುತ್ತದೆ. ಇನ್ನೂ ಕಾಯಿ ಕಾಯಿ ಅನ್ನಿಸಿದರೆ ಮಾವಿನಕಾಯಿ, ಸಪೋಟಕ್ಕೆ ಮಾಡುವ ಹಾಗೆ ಅಕ್ಕಿ ಡಬ್ಬದಲ್ಲಿ ಒಂದು ದಿನ ಹೂತಿಡಿ, ಅಥವಾ ಪೇಪರ್ ಕವರಿನಲ್ಲಿ ಒಂದು ಬಾಳೆಹಣ್ಣಿನ ಜೊತೆ ಇಡಿ. ಹಣ್ಣು ಬಿಡುವ ಎಥಿಲೀನ್ ಅನಿಲ ಅಲ್ಲೇ ಉಳಿದು ಬೇಗ ಮಾಗಿಸುತ್ತದೆ.

ಯಾವ ಟೊಮೆಟೊ? ತರಕಾರಿ ಅಂಗಡಿಯಲ್ಲಿ ಎರಡು ರಾಶಿ ಇರುತ್ತದೆ. ಒಂದು ಫಾರಂ, ಒಂದು ನಾಟಿ. ಫಾರಂ ಟೊಮೆಟೊ ನುಣ್ಣಗೆ, ಮೊಟ್ಟೆ ಆಕಾರದಲ್ಲಿ, ದಪ್ಪ ಸಿಪ್ಪೆ, ಒಳಗೆ ತಿರುಳು ಜಾಸ್ತಿ, ರಸ ಕಡಿಮೆ. ನಾಟಿ ಅಂದರೆ ಚಪ್ಪಟೆ, ಮೈಮೇಲೆ ಗೆರೆ ಗೆರೆ, ತೆಳು ಸಿಪ್ಪೆ, ಒತ್ತಿದರೆ ಬಿರಿಯುವಂಥದ್ದು. ಕತ್ತರಿಸಲು ಸುಲಭ ಅಂತ ಎಲ್ಲರೂ ಫಾರಂ ಕಡೆ ಹೋಗುತ್ತಾರೆ. ನಾನು ನಾಟಿಯೇ ಬೇಕು ಅನ್ನುತ್ತೇನೆ. ಅದರ ಹುಳಿ ಮತ್ತು ಬೀಜದ ಸುತ್ತ ಇರುವ ಲೋಳೆ ರಸ, ಅದೇ ಈ ಸಲಾಡ್‌ನ ಜೀವ. ನೇಪಲ್ಸ್ ಕಡೆ ಸಲಾಡ್‌ಗೆ ಬಳಸುವ 'ಕುವೋರೆ ದಿ ಬುವೆ' ಟೊಮೆಟೊ ಕೂಡ, ಅಂದರೆ ಎತ್ತಿನ ಹೃದಯ, ಹೀಗೇ ಗೆರೆ ಬಿದ್ದ, ದೊಡ್ಡ, ಮೆತ್ತನೆ ಹಣ್ಣು. ನಾಟಿ ಸಿಗಲೇ ಇಲ್ಲ ಅಂದರೆ ಪೂರ್ತಿ ಕೆಂಪಾದ ಫಾರಂ ಹಣ್ಣು ಮತ್ತು ಒಂದು ಹಿಡಿ ಚೆರ್ರಿ ಟೊಮೆಟೊ ಸೇರಿಸಿ ಮಾಡಿ, ಚೆರ್ರಿ ಸಿಹಿ ಕೊಡುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕ್ ಚಿಕ್ಕಪ್ಪನ ಹೊಲದಲ್ಲೂ ಇದೆ. ಎಲೆ ಮುದುಡು ರೋಗ ಸೇರಿ ಮೂರು ರೋಗ ತಡೆಯುವ ಗಟ್ಟಿ ತಳಿ ಅದು. ಮಾರಲು ಕೀಳುವ ಹದದಲ್ಲಿ ತಿಂದರೆ ಏನೂ ಅನ್ನಿಸುವುದಿಲ್ಲ, ಆದರೆ ಮನೆಗೆ ಅಂತ ಗಿಡದಲ್ಲೇ ಬಿಟ್ಟು ಕಿತ್ತದ್ದು ಚೆನ್ನಾಗಿರುತ್ತದೆ. ತಳಿಗಿಂತ ಮಾಗುವಿಕೆ ದೊಡ್ಡದು.

ಹಣ್ಣಾಗಿದೆಯೋ ಇಲ್ಲವೋ ಅಂತ ಬಣ್ಣ ನೋಡಿ ತೀರ್ಮಾನಿಸಬೇಡಿ. ತೊಟ್ಟಿನ ಹತ್ತಿರ ಮೂಗಿಟ್ಟು ನೋಡಿ. ಟೊಮೆಟೊ ಗಿಡದ ಎಲೆ ಉಜ್ಜಿದಾಗ ಕೈಗೆ ಹತ್ತುವ ವಾಸನೆ ಇದೆಯಲ್ಲ, ಹಸಿರು ಹಸಿರು ಘಾಟು, ಅದರ ಜೊತೆ ಸ್ವಲ್ಪ ಸಿಹಿ ವಾಸನೆ ಬಂದರೆ ತಯಾರಾಗಿದೆ. ಏನೂ ವಾಸನೆ ಇಲ್ಲ ಅಂದರೆ ಇನ್ನೊಂದು ದಿನ.

ಫ್ರಿಜ್ ಬೇಡ ಅಂತ ಇಷ್ಟು ಹಟ ಮಾಡುವುದಕ್ಕೆ ಕಾರಣ ಇದೆ. 2016ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು ಟೊಮೆಟೊವನ್ನು 5 ಡಿಗ್ರಿಯಲ್ಲಿ ಒಂದು ವಾರ ಇಟ್ಟು ನೋಡಿದರು. ಸಿಹಿ, ಹುಳಿ ಹೆಚ್ಚುಕಡಿಮೆ ಹಾಗೇ ಇತ್ತು. ಹೋದದ್ದು ಪರಿಮಳ. ಪರಿಮಳ ತಯಾರಿಸುವ ಜೀನ್‌ಗಳೇ ಚಳಿಗೆ ಕೆಲಸ ನಿಲ್ಲಿಸಿದ್ದವು, ಆಮೇಲೆ ಆಚೆ ತೆಗೆದಿಟ್ಟರೂ ಪೂರ್ತಿ ಮರಳಲಿಲ್ಲ. ಒಂದು ದಿನ ಇಟ್ಟುಬಿಟ್ಟಿದ್ದರೆ ಗಾಬರಿ ಬೇಡ, ತೆಗೆದು ಆಚೆ ಇಡಿ. ಆದರೆ ವಾರಗಟ್ಟಲೆ ಇಟ್ಟದ್ದು ಸಾರಿಗೇ ಸರಿ.

ಇಬ್ಬರಿಗೆ ಬೇಕಾಗುವುದು ಹೇಳಿಬಿಡುತ್ತೇನೆ. ಟೊಮೆಟೊ ಸುಮಾರು 400 ಗ್ರಾಂ, ಅಂದರೆ ಮಧ್ಯಮ ಗಾತ್ರದ್ದು ನಾಲ್ಕು. ಮೊಜರೆಲ್ಲಾ 200ರಿಂದ 250 ಗ್ರಾಂ. ಬೇಸಿಲ್ ಎಲೆ ಹತ್ತು ಹನ್ನೆರಡು. ಆಲಿವ್ ಎಣ್ಣೆ ಮೂರು ಚಮಚ, ಊಟದ ಚಮಚದಲ್ಲಿ. ಉಪ್ಪು ಅರ್ಧ ಟೀ ಚಮಚದಿಂದ ಶುರು ಮಾಡಿ. ಕಾಳು ಮೆಣಸು ಬೇಕಿದ್ದರೆ. ಇಷ್ಟೇ.

ಚೀಸ್ ಕೊಳ್ಳುವಾಗ ಬಹಳ ಜನ ತಪ್ಪುವುದು ಇಲ್ಲಿ. ಪಿಜ್ಜಾಗೆ ಅಂತ ಸಿಗುವ ಗಟ್ಟಿ ಇಟ್ಟಿಗೆಯಂಥ ಮೊಜರೆಲ್ಲಾ ಬೇರೆ, ಇದು ಬೇರೆ. ಅದರಲ್ಲಿ ನೀರಿನ ಅಂಶ ಕಡಿಮೆ, ಕರಗಿಸಲಿಕ್ಕೆ ಅಂತಲೇ ಮಾಡಿದ್ದು, ಹಸಿಯಾಗಿ ಕಚ್ಚಿದರೆ ರಬ್ಬರ್. ನಮಗೆ ಬೇಕಿರುವುದು ನೀರಿನಲ್ಲಿ ತೇಲುವ ಬಿಳಿ ಉಂಡೆ, ಡಬ್ಬದ ಮೇಲೆ ತಾಜಾ ಮೊಜರೆಲ್ಲಾ ಅಂತ ಬರೆದಿರುತ್ತದೆ. ಬೆಂಗಳೂರಿನಲ್ಲಿ ಬೆನಡಿಕ್ಟೈನ್ ಸನ್ಯಾಸಿಗಳೇ ಇಟಲಿಯ ಪದ್ಧತಿಯಲ್ಲಿ ಚೀಸ್ ಮಾಡುತ್ತಾರೆ, ವಲ್ಲೊಂಬ್ರೋಸಾ ಅನ್ನುವ ಹೆಸರಲ್ಲಿ. ಬೇರೆ ಸಣ್ಣ ತಯಾರಕರೂ ಈಗ ಇದ್ದಾರೆ. ತಯಾರಾದ ದಿನಾಂಕ ನೋಡಿ, ಎಷ್ಟು ಹೊಸದೋ ಅಷ್ಟು ಒಳ್ಳೆಯದು. ಸಸ್ಯಾಹಾರಿಗಳು ಪ್ಯಾಕೆಟ್ ಮೇಲಿನ ಹಸಿರು ಚುಕ್ಕಿ ನೋಡಿಕೊಳ್ಳಿ, ಹಾಲನ್ನು ಗಟ್ಟಿ ಮಾಡುವ ರೆನೆಟ್ ಮೂಲದಲ್ಲಿ ಕರುವಿನ ಹೊಟ್ಟೆಯಿಂದ ಬರುವಂಥದ್ದು, ಹಸಿರು ಚುಕ್ಕಿ ಇದ್ದರೆ ಅದು ಸೂಕ್ಷ್ಮಜೀವಿಗಳಿಂದ ತೆಗೆದದ್ದು ಅಥವಾ ಗಿಡದಿಂದ ತೆಗೆದದ್ದು.

ಇಟಲಿಯಲ್ಲಿ ಹೆಸರುವಾಸಿಯಾದದ್ದು ಎಮ್ಮೆ ಹಾಲಿನ ಮೊಜರೆಲ್ಲಾ. 'ಮೊಜರೆಲ್ಲಾ ದಿ ಬುಫಾಲಾ ಕಂಪಾನಾ' ಅನ್ನುವ ಹೆಸರಿಗೆ 1996ರಿಂದ ಯುರೋಪ್ ಒಕ್ಕೂಟದ ರಕ್ಷಣೆ ಇದೆ, ನಮ್ಮ ಮೈಸೂರು ಮಲ್ಲಿಗೆಗೆ ಜಿಐ, ಅಂದರೆ ಭೌಗೋಳಿಕ ಗುರುತು, ಇರುವ ಹಾಗೆ. ಒಂದು ಭಾನುವಾರ ಪೇಸ್ಟಮ್ ಅನ್ನುವ ಊರಿಗೆ ಹೋಗಿದ್ದೆ. ಒಂದು ಕಡೆ ಗ್ರೀಕರ ಕಾಲದ ಕಲ್ಲಿನ ದೇವಾಲಯಗಳು, ಸ್ವಲ್ಪ ದೂರದಲ್ಲೇ ಎಮ್ಮೆಗಳು. ಕಪ್ಪು ಎಮ್ಮೆ ಕೆಸರಿನಲ್ಲಿ ಮಲಗಿ ಕಿವಿ ಆಡಿಸುತ್ತಿದ್ದದ್ದು ನೋಡಿ ಊರು ನೆನಪಾಗಿ ಗಂಟಲು ಕಟ್ಟಿತು. ಅಲ್ಲಿಯ ಡೈರಿಯಲ್ಲಿ ಇಬ್ಬರು ಎದುರು ಬದುರು ನಿಂತು ಬಿಸಿನೀರಿನಲ್ಲಿ ಎಳೆದ ಬಿಳಿ ಮುದ್ದೆಯನ್ನು ಹಿಡಿದಿದ್ದರು. ಒಬ್ಬರು ಮುದ್ದೆಯನ್ನು ಹಿಂಡುತ್ತಿದ್ದರು, ಇನ್ನೊಬ್ಬರು ಹೆಬ್ಬೆರಳು ತೋರುಬೆರಳಿನ ನಡುವೆ ಹಿಸುಕಿ ಚಕ್ ಅಂತ ಉಂಡೆ ಕಿತ್ತು ತಣ್ಣೀರಿಗೆ ಬಿಡುತ್ತಿದ್ದರು. ಮುದ್ದೆ ಮುರಿಯುವ ಕೈಯೇ. ಮೊಜರೆಲ್ಲಾ ಅನ್ನುವ ಹೆಸರು ಬಂದದ್ದೂ ಕತ್ತರಿಸು ಅನ್ನುವ ಅರ್ಥದ 'ಮೊಜಾರೆ'ಯಿಂದ. ಹಸುವಿನ ಹಾಲಿನದಕ್ಕೆ ಅವರು 'ಫಿಯೋರ್ ದಿ ಲಾತ್ತೆ' ಅನ್ನುತ್ತಾರೆ, ಹಾಲಿನ ಹೂವು. ಕಪ್ರೇಸೆಗೆ ಅದನ್ನೇ ಹಾಕುವವರು ಬಹಳ ಜನ, ನೀರು ಕಡಿಮೆ ಬಿಡುತ್ತದೆ ಅಂತ.

ಮನೆಯಲ್ಲೇ ಮಾಡಬೇಕು ಅನ್ನುವವರಿಗೆ ದಾರಿ ಇದೆ. ಒಂದು ಗಂಟೆಯ ಕೆಲಸ, ಆದರೆ ಹಾಲು ಸರಿ ಇರಬೇಕು. ಮೊದಲ ಸಲ ನಾನು ಮಾಡಿದಾಗ ಅಭ್ಯಾಸಬಲದಿಂದ ಹಾಲು ತಂದ ಕೂಡಲೇ ಉಕ್ಕಿಸಿಬಿಟ್ಟಿದ್ದೆ. ಆರಿಸಿ, ರೆನೆಟ್ ಹಾಕಿ ಎಷ್ಟು ಹೊತ್ತು ಕಾದರೂ ಅದು ಹೆಪ್ಪಾಗಲಿಲ್ಲ, ಮೊಸರು ಒಡೆದ ಹಾಗೆ ಪುಡಿ ಪುಡಿ ಆಯಿತು, ಎರಡು ಲೀಟರ್ ಹಾಲು ಹೋಯಿತು. ಆಮೇಲೆ ತಿಳಿಯಿತು, ಹಾಲು ಕುದಿಸಿದರೆ ಅದರ ಒಂದು ಬಗೆಯ ಪ್ರೋಟೀನ್ ಇನ್ನೊಂದಕ್ಕೆ ಅಂಟಿಕೊಂಡು ರೆನೆಟ್‌ಗೆ ಹಿಡಿತ ಸಿಗುವುದಿಲ್ಲ. ಅದಕ್ಕೇ ಟೆಟ್ರಾ ಪ್ಯಾಕ್ ಹಾಲೂ ಆಗುವುದಿಲ್ಲ, ಅದನ್ನು ಬಹಳ ಹೆಚ್ಚಿನ ಬಿಸಿಗೆ ಒಯ್ದಿರುತ್ತಾರೆ. ತಾಜಾ ಪಾಕೆಟ್ ಹಾಲು, 6% ಕೊಬ್ಬಿರುವ ಫುಲ್ ಕ್ರೀಮ್, ಕುದಿಸದೆ ಬಳಸಿ. ಅದು ಪಾಶ್ಚರೀಕರಿಸಿದ್ದೇ ಆಗಿರುತ್ತದೆ. ಮನೆ ಹತ್ತಿರ ಕರೆದ ಎಮ್ಮೆ ಹಾಲು ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಹಸಿ ಹಾಲನ್ನು ಹಾಗೇ ಬಳಸಬೇಡಿ, ಸಣ್ಣ ಉರಿಯಲ್ಲಿ 63 ಡಿಗ್ರಿಗೆ ತಂದು ಅರ್ಧ ಗಂಟೆ ಅದೇ ಬಿಸಿಯಲ್ಲಿ ಹಿಡಿದು ಬೇಗ ಆರಿಸಿಕೊಳ್ಳಿ. ಅಡುಗೆ ಥರ್ಮಾಮೀಟರ್ ಒಂದು ಬೇಕೇ ಬೇಕು.

ಎರಡು ಲೀಟರ್ ತಣ್ಣಗಿನ ಹಾಲಿಗೆ ಮುಕ್ಕಾಲು ಟೀ ಚಮಚ ನಿಂಬೆ ಉಪ್ಪನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ ಬೆರೆಸಿ, ಎಮ್ಮೆ ಹಾಲಾದರೆ ಒಂದು ಟೀ ಚಮಚದ ಹತ್ತಿರ ಬೇಕಾಗುತ್ತದೆ. ನಿಂಬೆ ಉಪ್ಪು ಅಂದರೆ ಗ್ರಂದಿಗೆ ಅಂಗಡಿಯ ಸಿಟ್ರಿಕ್ ಆಸಿಡ್. ಸಣ್ಣ ಉರಿಯಲ್ಲಿ 32 ಡಿಗ್ರಿಗೆ ತನ್ನಿ, ಬೆರಳು ಅದ್ದಿದರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನ್ನಿಸಬೇಕು. ಉರಿ ಆರಿಸಿ, ಪ್ಯಾಕೆಟ್ ಮೇಲೆ ಹೇಳಿದಷ್ಟು ರೆನೆಟ್ ಅನ್ನು ಕುದಿಸಿ ಆರಿಸಿದ ನೀರಿನಲ್ಲಿ ಕಲಸಿ ಹಾಕಿ, ಅರ್ಧ ನಿಮಿಷ ಮೆಲ್ಲಗೆ ತಿರುವಿ ಮುಚ್ಚಿಡಿ. ನಲ್ಲಿ ನೀರು ನೇರವಾಗಿ ಬೇಡ, ಅದರ ಕ್ಲೋರಿನ್ ರೆನೆಟ್‌ನ ಶಕ್ತಿ ತಗ್ಗಿಸುತ್ತದೆ. ಐದರಿಂದ ಹತ್ತು ನಿಮಿಷದಲ್ಲಿ ಗಿಣ್ಣಿನ ಹಾಗೆ ಕೂತಿರುತ್ತದೆ. ಚಾಕು ಇಟ್ಟು ಎತ್ತಿದರೆ ನೀಟಾಗಿ ಸೀಳಬೇಕು, ಹಳದಿ ಹಸಿರು ನೀರು ಬಿಡಬೇಕು. ಕಾಜು ಬರ್ಫಿ ಹಾಗೆ ಚೌಕ ಚೌಕ ಕತ್ತರಿಸಿ, ಮತ್ತೆ 40 ಡಿಗ್ರಿಗೆ ಬಿಸಿ ಮಾಡುತ್ತಾ ಮೆಲ್ಲಗೆ ಆಡಿಸಿ, ಬಟ್ಟೆಯಲ್ಲಿ ಸೋಸಿ.

ಈಗ ಚೆಂದದ ಭಾಗ. ಸೋಸಿದ ನೀರಿಗೆ ಎರಡು ಚಮಚ ಉಪ್ಪು ಹಾಕಿ 80 ಡಿಗ್ರಿ ದಾಟಿಸಿ, ಮುದ್ದೆಯನ್ನು ಜಾಲರಿ ಸೌಟಿನಲ್ಲಿ ಅದರೊಳಗೆ ಅರ್ಧ ನಿಮಿಷ ಇಳಿಸಿ, ತೆಗೆದು ಮಡಚಿ, ಮತ್ತೆ ಇಳಿಸಿ, ಮತ್ತೆ ಮಡಚಿ. ದಪ್ಪ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ಕೈ ಸುಡುತ್ತದೆ. ಮೂರನೇ ನಾಲ್ಕನೇ ಸಲಕ್ಕೆ ತರಿತರಿ ಇದ್ದ ಮುದ್ದೆ ಒಮ್ಮೆಲೇ ಬದಲಾಗುತ್ತದೆ, ಹೋಳಿಗೆ ಕಣಕದ ಹಾಗೆ ಹಿಗ್ಗುತ್ತದೆ, ಮೈ ಮಿರಮಿರ ಮಿಂಚುತ್ತದೆ. ಅಲ್ಲಿಗೆ ನಿಲ್ಲಿಸಿ. ಜಾಸ್ತಿ ಎಳೆದರೆ ಬೆಣ್ಣೆ ಅಂಶ ಹೋಗಿ ಗಟ್ಟಿ ಆಗುತ್ತದೆ. ಉಂಡೆ ಮಾಡಿ ಅಂಚನ್ನು ಕೆಳಗೆ ಮಡಚಿ ತಣ್ಣೀರಿಗೆ ಬಿಡಿ. ಮುದ್ದೆ ಹಿಗ್ಗದೆ ಹರಿದು ಹೋಗುತ್ತಿದ್ದರೆ ಬಿಸಿ ಸಾಲದು ಅಂತ, ಮತ್ತೆ ನೀರು ಕಾಯಿಸಿ. ಎರಡು ಲೀಟರ್‌ಗೆ ಸುಮಾರು 250 ಗ್ರಾಂ ಬರುತ್ತದೆ. ಉಳಿದ ನೀರಿನಲ್ಲಿ ಚಪಾತಿ ಹಿಟ್ಟು ಕಲಸಿ, ಬೇರೆ ಉಪ್ಪು ಬೇಡ.

ಬೇಸಿಲ್ ಬಗ್ಗೆ. ಅದು ತುಳಸಿ ಅಲ್ಲ. ತುಳಸಿ ಅದರ ದಾಯಾದಿ, ಆದರೆ ಲವಂಗದ ಘಾಟು, ಈ ಸಲಾಡ್‌ಗೆ ಹಾಕಿದರೆ ಕಷಾಯದ ನೆನಪು ಬರುತ್ತದೆ. ಬೇಸಿಲ್ ಅಂದರೆ ನಮ್ಮ ಕಾಮಕಸ್ತೂರಿ. ಅದೇ ಜಾತಿ, ಬೇರೆ ತಳಿ. ಹೂವಿನ ಅಂಗಡಿಯಲ್ಲಿ ದವನ, ಮರುಗದ ಪಕ್ಕ ಕಟ್ಟಿಟ್ಟಿರುತ್ತಾರಲ್ಲ, ಅಜ್ಜಿ ಮುಡಿಗೆ ಮಲ್ಲಿಗೆ ಜೊತೆ ಸೇರಿಸಿ ಕಟ್ಟುತ್ತಿದ್ದರಲ್ಲ, ಅದು. ಬೇಸಿಗೆಯಲ್ಲಿ ಶರಬತ್ತಿಗೆ ನೆನೆಸುವ ಕರಿ ಬೀಜವೂ ಅದರದೇ. ಇಟಲಿಯ ತಳಿಯ ಎಲೆ ದೊಡ್ಡದು, ಚಮಚದ ಹಾಗೆ ಬಾಗಿರುತ್ತದೆ, ವಾಸನೆ ಸಿಹಿ. ನಮ್ಮದು ಸಣ್ಣ ಎಲೆ, ಸ್ವಲ್ಪ ಖಾರ, ಸೋಂಪಿನ ವಾಸನೆ. ಎರಡೂ ಆಗುತ್ತದೆ. ನಮ್ಮದನ್ನು ಹಾಕುವಾಗ ಎಳೆ ಕುಡಿಗಳನ್ನು ಮಾತ್ರ ತೆಗೆದುಕೊಳ್ಳಿ, ಅರ್ಧದಷ್ಟು ಸಾಕು. ಹೂವಿನ ಅಂಗಡಿಯದ್ದು ತಿನ್ನಲು ಬೆಳೆದದ್ದಲ್ಲ, ಔಷಧಿ ಹೊಡೆದಿರಬಹುದು, ಅದಕ್ಕೆ ಬಾಲ್ಕನಿಯಲ್ಲಿ ಒಂದು ಕುಂಡ ಇಡಿ. ಬೀಜ ಮೇಲೆ ಮೇಲೆ ಉದುರಿಸಿ ಕೈಯಲ್ಲಿ ನೀರು ಚಿಮುಕಿಸಿದರೆ ವಾರದೊಳಗೆ ಮೊಳಕೆ. ಹೂ ಬರುವ ತುದಿಯನ್ನು ಚಿವುಟುತ್ತಾ ಇರಿ, ಇಲ್ಲದಿದ್ದರೆ ಎಲೆ ಒರಟಾಗುತ್ತದೆ.

ಎಣ್ಣೆ ವಿಷಯ ಚಿಕ್ಕದು. ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆಯೇ ಬೇಕು, ಕಪ್ಪು ಬಾಟಲಿಯದ್ದು, ಆದಷ್ಟು ಹೊಸದು. ಪೊಮೇಸ್ ಅಥವಾ ಲೈಟ್ ಅಂತ ಬರೆದದ್ದು ರಿಫೈನ್ ಮಾಡಿದ್ದು, ಕರಿಯಲು ಸರಿ, ಇಲ್ಲಿ ಅದಕ್ಕೆ ಕೆಲಸ ಇಲ್ಲ. ಗಾಣದ ಕಡಲೆಕಾಯಿ ಎಣ್ಣೆ ಹಾಕಿ ನೋಡಿದ್ದೇನೆ, ನನಗೆ ಆ ಎಣ್ಣೆ ಬಹಳ ಇಷ್ಟ, ಆದರೆ ಅದರ ಜೋರು ವಾಸನೆ ಹಾಲಿನ ಸೂಕ್ಷ್ಮ ರುಚಿಯನ್ನು ಮುಚ್ಚಿಬಿಡುತ್ತದೆ.

ಈಗ ಜೋಡಿಸುವುದು. ಊಟಕ್ಕೆ ಒಂದು ಗಂಟೆ ಮೊದಲು ಚೀಸ್ ಫ್ರಿಜ್‌ನಿಂದ ಆಚೆ ತೆಗೆದು ಅದರ ನೀರಿನಲ್ಲೇ ಬಿಡಿ. ಚಳಿ ಹಿಡಿದ ಮೊಜರೆಲ್ಲಾಗೆ ರುಚಿಯೇ ಇರುವುದಿಲ್ಲ. ಬೆಂಗಳೂರಿನ ಏಪ್ರಿಲ್‌ನಲ್ಲಿ ಅರ್ಧ ಗಂಟೆ ಸಾಕು, ಕಲಬುರಗಿ ರಾಯಚೂರು ಕಡೆಯವರು ಇಪ್ಪತ್ತು ನಿಮಿಷಕ್ಕೆ ನೋಡಿ. ಆಮೇಲೆ ನೀರು ಬಸಿದು, ಕೈಯಲ್ಲೇ ಹರಿದು ಜರಡಿ ಮೇಲೆ ಹತ್ತು ನಿಮಿಷ ಬಿಡಿ, ಇಲ್ಲದಿದ್ದರೆ ಅದರ ನೀರು ತಟ್ಟೆಗಿಳಿದು ಟೊಮೆಟೊ ರಸವನ್ನು ತೆಳು ಮಾಡುತ್ತದೆ. ಫೋಟೋದಲ್ಲಿ ಬಿಲ್ಲೆ ಬಿಲ್ಲೆ ಜೋಡಿಸಿದ್ದು ಚೆನ್ನಾಗಿ ಕಾಣುತ್ತದೆ ನಿಜ. ನಾನು ಹರಿಯುತ್ತೇನೆ. ಹರಿದ ಅಂಚು ಒರಟಾಗಿ ಎಳೆ ಎಳೆ ಇರುತ್ತದೆ, ಎಣ್ಣೆ ಅಲ್ಲಿ ಹಿಡಿದುಕೊಳ್ಳುತ್ತದೆ. ನುಣ್ಣಗೆ ಕತ್ತರಿಸಿದ ಮೈಮೇಲೆ ಜಾರಿ ಹೋಗುತ್ತದೆ.

ಚೀಸ್ ಬಸಿಯುತ್ತಿರುವಾಗ ಟೊಮೆಟೊ ಕತ್ತರಿಸಿ. ಬ್ರೆಡ್ ಕತ್ತರಿಸುವ ಹಲ್ಲಿನ ಚಾಕು ಒಳ್ಳೆಯದು, ಸಿಪ್ಪೆ ಜಜ್ಜಿ ಹೋಗುವುದಿಲ್ಲ. ಅರ್ಧ ಬೆರಳು ದಪ್ಪಕ್ಕೆ ಬಿಲ್ಲೆ ಅಥವಾ ಹೋಳು ಮಾಡಿ. ಬೀಜ ತೆಗೆಯಬೇಡಿ. ಅಗಲ ತಟ್ಟೆಯಲ್ಲಿ ಹರಡಿ, ಹರಳುಪ್ಪನ್ನು ಕುಟ್ಟಾಣಿಯಲ್ಲಿ ಒಂದೆರಡು ಸಲ ಗುದ್ದಿ, ಎತ್ತರದಿಂದ ಸಮನಾಗಿ ಉದುರಿಸಿ. ಇನ್ನು ಹದಿನೈದು ನಿಮಿಷ ಮುಟ್ಟಬೇಡಿ.

ಈ ಕಾಯುವುದು ನಮಗೆ ಉಲ್ಟಾ ಅನ್ನಿಸುತ್ತದೆ. ಕೋಸಂಬರಿಗೆ ಉಪ್ಪು ಕೊನೆಗೆ ಹಾಕಬೇಕು, ಇಲ್ಲದಿದ್ದರೆ ಸೌತೆಕಾಯಿ ನೀರು ಬಿಡುತ್ತದೆ ಅಂತ ಚಿಕ್ಕಂದಿನಿಂದ ಕೇಳಿದ್ದೇವೆ, ಅಲ್ವಾ? ಇಲ್ಲಿ ಆ ನೀರೇ ನಮಗೆ ಬೇಕು. ಪಕ್ಕದಲ್ಲಿ ಕೂತು ಒಮ್ಮೆ ನೋಡಿ. ಎರಡು ನಿಮಿಷಕ್ಕೆ ಉಪ್ಪಿನ ಹರಳಿನ ಸುತ್ತ ಸಣ್ಣ ಹನಿ ಕೂರುತ್ತದೆ. ಐದು ನಿಮಿಷಕ್ಕೆ ಹರಳು ಕರಗಿ ಹೋಳಿನ ಮೈ ಎಲ್ಲ ಒದ್ದೆ. ಹತ್ತಕ್ಕೆ ಹೋಳಿನ ಅಂಚಿನಿಂದ ತಿಳಿ ಕೆಂಪು ರಸ ತಟ್ಟೆಗೆ ಇಳಿಯಲು ಶುರು, ಬೀಜದ ಲೋಳೆ ಸಡಿಲಾಗಿ ಅದಕ್ಕೆ ಸೇರುತ್ತದೆ. ಹದಿನೈದಕ್ಕೆ ತಟ್ಟೆ ವಾಲಿಸಿದರೆ ಎರಡು ಮೂರು ಚಮಚ ರಸ ಹರಿದು ಬರುತ್ತದೆ. ಬೆರಳಲ್ಲಿ ಅದ್ದಿ ನೆಕ್ಕಿ ನೋಡಿ. ಹುಳಿ, ಸಿಹಿ, ಉಪ್ಪು, ಹಿಂದೆಯೇ ಸಾರಿನ ಕಟ್ಟಿನಂಥ ಒಂದು ಆಳದ ರುಚಿ. ಟೊಮೆಟೊದಲ್ಲಿ ಸಹಜವಾಗಿ ಇರುವ ಗ್ಲುಟಮೇಟ್‌ನಿಂದ ಬರುವ ರುಚಿ ಅದು, ಹೋಳಿನ ಗಟ್ಟಿ ತಿರುಳಿಗಿಂತ ಆ ಲೋಳೆಯಲ್ಲೇ ಅದು ಜಾಸ್ತಿ. ಬೀಜ ತೆಗೆಯಬೇಡಿ ಅಂದದ್ದು ಅದಕ್ಕೇ.

ಆ ರಸದ ಮೇಲೆಯೇ ಎಣ್ಣೆ ಸುರಿಯಿರಿ, ಎರಡು ಚಮಚ. ತಟ್ಟೆಯನ್ನು ಒಂದು ಸಲ ಆಡಿಸಿ. ಹರಿದ ಚೀಸನ್ನು ಹೋಳುಗಳ ನಡುವೆ ಅಲ್ಲಲ್ಲಿ ಇಡಿ, ಅದಕ್ಕೂ ಚಿಟಿಕೆ ಉಪ್ಪು, ಮೇಲೆ ಉಳಿದ ಒಂದು ಚಮಚ ಎಣ್ಣೆ. ಕಾಮಕಸ್ತೂರಿ ಎಲೆ ಕೊನೆಗೆ, ಬಡಿಸುವ ಹೊತ್ತಿಗೆ, ಕೈಯಲ್ಲಿ ಹರಿದು. ಚಾಕುವಿನಿಂದ ಸಣ್ಣಗೆ ಹೆಚ್ಚಿದರೆ ಅಂಚು ಕಪ್ಪಾಗುತ್ತದೆ, ಮೊದಲೇ ಹಾಕಿದರೆ ಉಪ್ಪಿಗೆ ಬಾಡುತ್ತದೆ. ಮಲೆನಾಡಿನ ಕಾಳು ಮೆಣಸು ಮನೆಯಲ್ಲಿದ್ದರೆ ಎರಡು ತಿರುವು. ಕಾಪ್ರಿಯಲ್ಲಿ ಕೆಲವರು ಒಣ ಓರೆಗಾನೊ ಉದುರಿಸುತ್ತಾರೆ, ಅದೂ ಚೆನ್ನ.

ಬಾಲ್ಸಾಮಿಕ್ ವಿನೆಗರ್ ಹಾಕಬೇಡಿ. ಬಹಳ ಹೋಟೆಲ್‌ಗಳಲ್ಲಿ ಕಪ್ಪು ಪಾಕದ ಗೆರೆ ಎಳೆದು ಕೊಡುತ್ತಾರೆ, ಅದು ಮೂಲದಲ್ಲಿ ಇಲ್ಲ. ಒಳ್ಳೆಯ ನಾಟಿ ಟೊಮೆಟೊದಲ್ಲಿ ಬೇಕಾದಷ್ಟು ಹುಳಿ ಇದೆ, ಅದರ ಮೇಲೆ ಮತ್ತೆ ಸಿಹಿ ಹುಳಿ ಸುರಿದರೆ ಎಲ್ಲ ಒಂದೇ ರುಚಿ. ಈರುಳ್ಳಿಯೂ ಬೇಡ, ಬೆಳ್ಳುಳ್ಳಿಯೂ ಬೇಡ. ಮೊದಲ ಸಲ ಮನೆಯಲ್ಲಿ ಮಾಡಿದಾಗ ಅಮ್ಮ ಬಾಗಿಲಲ್ಲಿ ನಿಂತು, "ಒಂದು ಒಗ್ಗರಣೆನಾದ್ರೂ ಹಾಕ್ಬಾರ್ದೇನೆ, ಹಸಿ ಹಸಿ ಹೆಂಗೆ ತಿನ್ನೋದು?" ಅಂದರು. "ಒಂದು ತುತ್ತು ತಿಂದು ಹೇಳಮ್ಮ" ಅಂದೆ. ತಿಂದರು. ಏನೂ ಹೇಳದೆ ತಟ್ಟೆಯ ತಳದ ರಸವನ್ನು ಚಮಚದಲ್ಲಿ ಬಳಿದು ಅನ್ನಕ್ಕೆ ಹಾಕಿಕೊಂಡು ಕಲಸಿದರು. ಈಗ ಅವರೇ ಫೋನ್ ಮಾಡಿ ಹಣ್ಣು ಮಾಗಿದೆ, ಭಾನುವಾರ ಬಾ ಅನ್ನುತ್ತಾರೆ.

ಆ ರಸ ಬಿಡಲೇಬಾರದು. ಇಟಲಿಯಲ್ಲಿ ತಟ್ಟೆಯ ಕೊನೆಯ ರಸವನ್ನು ಬ್ರೆಡ್ ತುಂಡಿನಿಂದ ಒರೆಸಿ ತಿನ್ನುವುದಕ್ಕೆ ಒಂದು ಹೆಸರೇ ಇದೆ, 'ಸ್ಕಾರ್ಪೆಟ್ಟಾ', ಪುಟ್ಟ ಶೂ ಅಂತ ಅರ್ಥ. ಬೇಕರಿಯ ಬನ್ ಸಿಹಿ ಇರುತ್ತದೆ, ಹೊಂದುವುದಿಲ್ಲ. ಸಿಹಿ ಇಲ್ಲದ ಗಟ್ಟಿ ಬ್ರೆಡ್ ತಂದು ತವಾ ಮೇಲೆ ಸುಟ್ಟುಕೊಳ್ಳಿ. ಕಟಕ್ ಜೋಳದ ರೊಟ್ಟಿ ಮುರಿದು ಅದ್ದಿದರೆ ಇನ್ನೂ ಚೆನ್ನಾಗಿರುತ್ತದೆ, ರೊಟ್ಟಿ ರಸ ಹೀರಿ ಅರ್ಧ ಮೆತ್ತಗೆ ಅರ್ಧ ಗರಿ ಇರುವಾಗ ಬಾಯಿಗಿಡಬೇಕು.

ತಾಜಾ ಮೊಜರೆಲ್ಲಾ ಸಿಗದ ಊರಿನಲ್ಲಿದ್ದರೆ, ರೆನೆಟ್ ತರಿಸುವ ತಾಳ್ಮೆಯೂ ಇಲ್ಲದಿದ್ದರೆ, ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಫ್ರಿಜ್ ಒಳಗೆ ರಾತ್ರಿ ಇಡೀ ತೂಗುಹಾಕಿ, ಬೆಳಗ್ಗೆ ಉಪ್ಪು ಬೆರೆಸಿ ಚಮಚದಲ್ಲಿ ತಟ್ಟೆಗೆ ಹಾಕಿ. ಅದನ್ನು ಕಪ್ರೇಸೆ ಅನ್ನಲು ಆಗುವುದಿಲ್ಲ, ಆದರೆ ಟೊಮೆಟೊ ರಸದ ಜೊತೆ ಬಹಳ ಹೊಂದುತ್ತದೆ. ಮೊಸರು ಸಿಹಿಯಾಗಿರಲಿ, ಹುಳಿ ಬಂದದ್ದು ಬೇಡ. ಪನೀರ್ ಬೇಡ ಅನ್ನುತ್ತೇನೆ, ಅದು ಎಣ್ಣೆಯನ್ನೂ ಹೀರುವುದಿಲ್ಲ, ರಸವನ್ನೂ ಹೀರುವುದಿಲ್ಲ.

ಮಾಡಿದ ಮೇಲೆ ಹದಿನೈದು ಇಪ್ಪತ್ತು ನಿಮಿಷದೊಳಗೆ ತಿನ್ನಿ. ಬೇಸಿಗೆಯಲ್ಲಿ ಚೀಸನ್ನು ಒಟ್ಟು ಎರಡು ಗಂಟೆಗಿಂತ ಜಾಸ್ತಿ ಆಚೆ ಇಡಬೇಡಿ. ಉಳಿದರೆ ಮುಚ್ಚಿ ಫ್ರಿಜ್‌ಗೆ ಹಾಕಿ, ಮಾರನೇ ದಿನ ಅದನ್ನು ಸಲಾಡ್ ಅಂತ ತಿನ್ನಲು ಹೋಗದೆ, ಬಾಣಲೆಯಲ್ಲಿ ಒಂದು ಎಸಳು ಬೆಳ್ಳುಳ್ಳಿ ಬಾಡಿಸಿ ರಸದ ಸಮೇತ ಸುರಿದು, ಎರಡು ನಿಮಿಷ ಕುದಿಸಿ, ಬೇಯಿಸಿದ ಪಾಸ್ತಾ ಇದ್ದರೆ ಅದಕ್ಕೆ, ಇಲ್ಲದಿದ್ದರೆ ಬಿಸಿ ಅನ್ನಕ್ಕೆ ಕಲಸಿಕೊಳ್ಳಿ. ಚೀಸ್ ಎಳೆ ಎಳೆಯಾಗಿ ಕರಗಿರುತ್ತದೆ.